ಬಿ.ಎ. ಮೊದಲ ವರ್ಷದ ನಮ್ಮ ಚಿಗವ್ವ

ನಮ್ಮ ಚಿಗವ್ವನಿಗೆ ತಲೆ ಸರಿಯಿಲ್ಲ ಎಂದು ರಾಣೆಬೆನ್ನೂರಿನ ಅರ್ಧ ಊರು ನಂಬಿದೆ. ಉಳಿದರ್ಧಕ್ಕೆ ಅವಳಿನ್ನೂ ಭೇಟಿಯಾಗಿಲ್ಲ, ಅಷ್ಟೇ!

ಚಿಗವ್ವ ಎಂದರೆ ನನ್ನ ತಾಯಿಯ ತಂಗಿ. ವಯಸ್ಸು ನಲವತ್ತೇಳು. ಇಪ್ಪತ್ತು ವರ್ಷ ಬೀಜದ ಕಂಪನಿಯೊಂದರಲ್ಲಿ ಬೀಜ ಆರಿಸುತ್ತಿದ್ದಳು. ಹೋದ ವರ್ಷ ಆ ಘಟಕ ಮುಚ್ಚಿತು. ಬೇರೆಯವರಾಗಿದ್ದರೆ ಬೇರೆ ಕೆಲಸ ಹುಡುಕುತ್ತಿದ್ದರು. ಇವಳು ಟ್ರಂಕಿನ ತಳದಿಂದ ಪಿಯುಸಿ ಅಂಕಪಟ್ಟಿ ಹುಡುಕಿ ತೆಗೆದು, ಬಿ.ಎ.ಗೆ ಹೆಸರು ಹಚ್ಚಿದಳು!

ಮೊದಲ ದಿನ ಇವಳು ಒಳಗೆ ಕಾಲಿಟ್ಟಿದ್ದೇ ತಡ, ಇಡೀ ತರಗತಿ ಎದ್ದು ನಿಂತಿತು. ಮೇಷ್ಟ್ರು ಬಂದರೇನೋ ಎಂದು ಚಿಗವ್ವ ಹಿಂದೆ ತಿರುಗಿ ನೋಡಿದಳು. ಯಾರೂ ಇಲ್ಲ. ಎರಡನೇ ಬೆಂಚಿನ ಹುಡುಗಿಗೆ, "ಜರಾ ಸರಿಯವ್ವಾ, ನಾನೂ ನಿಮ್ಮಾಕೀನ" ಎಂದು ಕುಳಿತೇಬಿಟ್ಟಳು.

ಫೀ ಕಟ್ಟಬೇಕಲ್ಲ? ಕೆಲಸ ಕಳೆದುಕೊಂಡು ಮತ್ತೆ ಓದುವ ದೊಡ್ಡವರಿಗೆ ಧನಸಹಾಯ ಕೊಡುವ ಯೋಜನೆಯೊಂದಿದೆ ಎಂದು ಯಾರೋ ಹೇಳಿದರು. ಅದು ಸಿಗದಿದ್ದರೆ ಕಾಲೇಜು ಬಿಡಬೇಕು. ಹಾವೇರಿಯ ಕಚೇರಿಗೆ ಹೋದಳು.

"ಮಗಳನ್ನ ಕರ್ಕೊಂಡು ಬರ್ರಿ" ಎಂದ ಗುಮಾಸ್ತ.

"ಮಗಳು ಗಂಡನ ಮನ್ಯಾಗ ಅದಾಳ್ರಿ. ಕಾಲೇಜಿಗೆ ಹೊಂಟಾಕಿ ನಾನು!"

ಅವನಿಗೆ ನಗು ತಡೆಯಲಾಗಲಿಲ್ಲ. "ಆತ್ರಿ. ಆದ್ರ ನಿಮಗ ಈಗ ಕೆಲಸ ಇಲ್ಲ ಅನ್ನಾಕ ಪುರಾವೆ ಏನೈತಿ?"

ಚಿಗವ್ವ ವಾದಿಸಲಿಲ್ಲ. ಹೊರಗಿನ ಬೆಂಚಿನ ಮೇಲೆ ಕುಳಿತಳು. ಮೂರು ದಿನ, ಹತ್ತರಿಂದ ಐದರವರೆಗೆ! ಮೂರನೆಯ ದಿನಕ್ಕೆ ಕಚೇರಿಗೆ ಬಂದವರೆಲ್ಲ ಯಾವ ಅರ್ಜಿ ಎಲ್ಲಿ ಕೊಡಬೇಕೆಂದು ಅವಳನ್ನೇ ಕೇಳುತ್ತಿದ್ದರಂತೆ. ಕಡೆಗೆ ಸಾಹೇಬರೇ ಹೊರಬಂದರು.

"ಯಾಕ ಕುಂತೀರಿ ತಾಯಿ?"

"ಪುರಾವೆ ಕೊಡಾಕತ್ತೇನ್ರಿ. ಕೆಲಸ ಇದ್ದಾಕಿ ಹಿಂಗ ಮೂರು ದಿನ ಕುಂದರ್ತಾಳೇನ್ರಿ?"

ಅಂದೇ ಅರ್ಜಿಗೆ ಸಹಿ ಬಿತ್ತು! ಇಂಥ ಹೆಂಗಸಿನ ಮುಂದೆ ನಾವೆಲ್ಲ ಯಾವ ಲೆಕ್ಕ?

ಕಳೆದ ವಾರ ಬ್ಯಾಡಗಿಗೆ, ನಮ್ಮ ಮನೆಗೆ ಬಂದಳು. ಚಹಾ ಕುಡಿದು, ಚೀಲದಿಂದ ಕಾಗದವೊಂದನ್ನು ತೆಗೆದು ನನ್ನ ಮುಂದಿಟ್ಟಳು. ಅದೇ ಧನಸಹಾಯದ ಅರ್ಜಿ. ಹೆಸರಿನ ಜಾಗದಲ್ಲಿ ನನ್ನ ಹೆಸರು! ನಾನು ಅರ್ಧಕ್ಕೆ ಬಿಟ್ಟ ಬಿ.ಎ. ಕೂಡ ಅಲ್ಲಿತ್ತು.

ಮೆಣಸಿನಕಾಯಿ ಗೋದಾಮಿನ ನನ್ನ ಕೆಲಸ ಹೋಗಿ ತಿಂಗಳಾಗಿತ್ತು. ಹೆಂಡತಿಗೆ ಬಿಟ್ಟು ಯಾರಿಗೂ ಹೇಳಿರಲಿಲ್ಲ.

"ನಿನಗ ಯಾರು ಹೇಳಿದ್ರು, ಚಿಗವ್ವಾ?"

"ಹೇಳೂದ್ಯಾಕೋ? ಹಗಲೊತ್ತಿನಾಗ ಫೋನ್ ಮಾಡಿದ್ರ ಮೊದಲನೇ ರಿಂಗಿಗೇ ಎತ್ತಾಕತ್ತೀದಿ."

ನಾನು ಅರ್ಜಿಯ ಮೂಲೆ ಮಡಚುತ್ತ ಕುಳಿತೆ.

"ಹೆದರಿಕಿ ಆದ್ರ ನನ್ನ ಬಾಜೂಕ ಕುಂದ್ರು" ಎಂದಳು.

ಪೆನ್ನು ಹಿಡಿದೆ. ಕಣ್ಣು ಮಂಜಾಗಿ ಸಹಿಯ ಗೆರೆ ಕಾಣಲಿಲ್ಲ. ಚಿಗವ್ವ ಮೆಲ್ಲಗೆ ನನ್ನ ಕೈ ಹಿಡಿದು ಗೆರೆಯ ಮೇಲಿಟ್ಟಳು.