ಹೆಸರು ಹೇಳಿದರೇ ಲೈನು

ಕೆಲವರಿಗೆ ಅಧಿಕಾರ ತಲೆಗೇರಲು ಕುರ್ಚಿ ಬೇಕು. ನನಗೆ ಕಿವಿಗೆ ಸಿಕ್ಕಿಸಿಕೊಳ್ಳುವ ಹೆಡ್‌ಫೋನು ಸಾಕಾಗಿತ್ತು. ಎಪ್ಪತ್ತರ ದಶಕದಲ್ಲಿ ನಾನು ವಿಜಾಪುರದ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಊರಿನ ದೊಡ್ಡ ಮನುಷ್ಯರು ಕೂಡ ನಾನು ತಂತಿ ಚುಚ್ಚದೆ ಒಬ್ಬರೊಡನೊಬ್ಬರು ಮಾತಾಡಲಾರರು ಎಂದು ಒಳಗೊಳಗೇ ಬೀಗುತ್ತಿದ್ದೆ. ಮನೆಯಲ್ಲಿ ನನ್ನ ಮಾತಿಗೆ ಅಷ್ಟು ಬೆಲೆ ಇರಲಿಲ್ಲ ಅನ್ನಿ.

ಆ ಸಲದ ಮಳೆಗೆ ಲೈನುಗಳೆಲ್ಲ ಕಲಸುಮೇಲೋಗರವಾದವು. ಜಲನಗರದ ಡಾಕ್ಟರಿಗೆ ಹಚ್ಚಿದರೆ ಇಬ್ರಾಹಿಂಪುರದ ಹಿಟ್ಟಿನ ಗಿರಣಿಯವನು ಎತ್ತಿ, "ಜ್ವಾಳ ಒಣಗಿಸಿ ತರ್ರಿ" ಎನ್ನುತ್ತಿದ್ದ. ನಮ್ಮ ಸಾಹೇಬರು ಅಪ್ಪಣೆ ಮಾಡಿದರು: ಒಂದೊಂದೇ ಲೈನಿಗೆ ಗಂಟೆ ಬಾರಿಸಿ, ನಂಬರು ಕೇಳಿ, ಯಜಮಾನರ ಹೆಸರು ಕೇಳಿ, ಎರಡೂ ತಾಳೆಯಾದರೆ ಮುಂದಿನದಕ್ಕೆ ಹೋಗಬೇಕು. ನನಗಂತೂ ಇದು ಸ್ವಂತ ಕೆಲಸ. ಹೆಂಡತಿ ಚೊಚ್ಚಲ ಹೆರಿಗೆಗೆ ಬಬಲೇಶ್ವರದ ತವರಿಗೆ ಹೋಗಿದ್ದಳು, ದಿನ ತುಂಬಿತ್ತು. ಸುದ್ದಿ ಬರಬೇಕಾದದ್ದು ಅಲ್ಲಿಯ ಟಪಾಲ ಕಚೇರಿಯ ಫೋನಿನಿಂದ, ಇದೇ ಬೋರ್ಡಿಗೆ.

ಕೆಲಸ ಸುಲಭವೆಂದುಕೊಂಡಿದ್ದೆ. ಆದರೆ ಗಂಡಸರು ಕೆಲಸಕ್ಕೆ ಹೋದ ಆ ಹೊತ್ತಿನಲ್ಲಿ ಫೋನು ಎತ್ತುವವರೆಲ್ಲ ಹೆಂಗಸರು. ಗಂಡನ ಹೆಸರು ಯಾರ ಬಾಯಲ್ಲಿ ಬರಬೇಕು?

"ಯಾರ ಮನಿರಿ?"

"ನಮ್ಮ ಮನಿರಿ."

"ಯಜಮಾನ್ರ ಹೆಸರು?"

"ಅಯ್ಯ, ನಾ ಹೆಂಗ ಹೇಳ್ಲಿರಿ? ತಡೀರಿ, ಬಾಜೂ ಮನಿಯವ್ರನ್ನ ಕರೀತೀನಿ."

ಟಿಕೋಟಾದ ಒಬ್ಬ ತಾಯಿ ದೊಡ್ಡ ಮನಸ್ಸು ಮಾಡಿ, "ಸೋಮವಾರ ಯಾವ ದೇವರ ಗುಡಿಗಿ ಹೋಗ್ತೀರಿ, ಆ ಹೆಸರರಿ" ಎಂದರು. ಶಿವಪ್ಪನೋ, ಈರಪ್ಪನೋ, ಮಲ್ಲಪ್ಪನೋ? ನಮ್ಮ ಕಡೆಯ ಗಂಡಸರಲ್ಲಿ ಅರ್ಧಕ್ಕರ್ಧ ಆ ದೇವರ ಹೆಸರಿನವರೇ.

ಮಧ್ಯಾಹ್ನದ ಹೊತ್ತಿಗೆ ನನ್ನ ಬಾಯಲ್ಲಿ "ಹೆಸರ ಹೇಳ್ರಿ" ಬಿಟ್ಟು ಬೇರೆ ಮಾತೇ ಉಳಿದಿರಲಿಲ್ಲ. ಆಗ ಒಂದು ಕರೆ ಬಂತು. ತಂತಿ ಕಲಸಿದ್ದರಿಂದ ಎಲ್ಲಿಯದೆಂದು ತಿಳಿಯಲಿಲ್ಲ. ಹೆಂಗಸಿನ ದನಿ, ಬಹಳ ಮೆಲ್ಲಗೆ.

"ನಮ್ಮ ಅಳ್ಯಾಂದ್ರನ್ನ ಕರೀರಿ."

"ಹೆಸರ ಹೇಳ್ರಿ."

"ಅಳ್ಯಾಂದ್ರ ಹೆಸರ ಹಿಡಿಯೂದು ಹೆಂಗರಿ?"

"ಹೆಸರಿಲ್ಲದ ಲೈನ್ ಸಿಗೂದಿಲ್ರಿ" ಎಂದು ಗತ್ತಿನಿಂದ ತಂತಿ ಕಿತ್ತೆ.

ಕಿತ್ತ ಮೇಲೆ ಹೊಳೆಯಿತು. ನಮ್ಮತ್ತೆ ಮದುವೆಯಾದಾಗಿನಿಂದ ನನ್ನೊಡನೆ ನೇರವಾಗಿ ಮಾತಾಡಿದವರಲ್ಲ. ಬಾಗಿಲ ಮರೆಯಲ್ಲಿ ನಿಂತು, "ಊಟಕ್ಕ ಏಳ್ರಿ ಅಂತ ಹೇಳವಾ" ಎಂದು ಮಗಳ ಕೈಲಿ ಹೇಳಿಸುವವರು. ಆ ಮೆಲುದನಿ ಇದೇ ಅಲ್ಲವೇ?

ಆ ಲೈನು ಈ ಲೈನು ಚುಚ್ಚಿ ಕೊನೆಗೆ ಬಬಲೇಶ್ವರ ಹಿಡಿದೆ. ಸುತ್ತಲಿನ ಆಪರೇಟರುಗಳೆಲ್ಲ ಕೆಲಸ ಬಿಟ್ಟು ಕಿವಿಗೊಟ್ಟರು. ಸಾಹೇಬರೂ ಎದ್ದು ಬಂದು ಹಿಂದೆ ನಿಂತರು. ಆಚೆ ಟಪಾಲ ಮಾಸ್ತರರು ಕೇಳಿದರು, "ಯಾರ ಸುದ್ದಿ ಬೇಕಾಗಿತ್ರಿ?"

"ಅದ... ನಮ್ಮ ಮನಿಯವ್ರದು."

"ಹೆಸರ ಹೇಳ್ರಿ."

ಹೆಂಡತಿಯದು ಮುದ್ದಾದ ಹೆಸರು. ಇಬ್ಬರೇ ಇದ್ದಾಗ ಎಷ್ಟೋ ಸಲ ಕರೆದಿದ್ದೇನೆ. ಆದರೆ ಅಷ್ಟು ಜನರ ಎದುರು, ಅದೂ ಸಾಹೇಬರ ಮುಂದೆ, ನಾಲಿಗೆ ಹೊರಳಲೊಲ್ಲದು.

"ಯಾರ ಮನಿರಿ?" ಮಾಸ್ತರರಿಗೆ ಬೇಸರ ಬಂದಿತ್ತು.

"ನಮ್ಮ ಮನಿರಿ" ಎಂದೆ.

ಮಾಸ್ತರರ ಹಿಂದಿನಿಂದ ಆ ಮೆಲುದನಿ ಕೇಳಿಸಿತು: "ಅವ್ರ ನಮ್ಮ ಅಳ್ಯಾಂದ್ರ ಇರಬೇಕ್ರಿ. ಹೆಣ್ಣ ಹುಟ್ಟೇತಿ, ತಾಯಿ ಮಗಳು ಆರಾಮ ಅದಾರಂತ ಹೇಳ್ರಿ. ಕೂಸಿನ ಹೆಸರ ಮಾತ್ರ ಕೇಳಬ್ಯಾಡ್ರಿ ಅನ್ರಿ, ಇನ್ನಾ ಇಟ್ಟಿಲ್ಲ."