ಬಸ್ಸಿನ ನೆತ್ತಿಯ ಮೇಲಿನ ಷೂ

ಇಷ್ಟೆಲ್ಲ ರಾದ್ಧಾಂತಕ್ಕೆ ಕಾರಣ ಎಡಗಾಲಿನ ಒಂದು ಕೆಂಪು ಷೂ. ಅದು ಇರಬೇಕಾದದ್ದು ಹತ್ತು ವರ್ಷದ ವಿನಿಯ ಕಾಲಿನಲ್ಲಿ, ಇದ್ದದ್ದು ಶಾಲೆಯ ಹಳದಿ ಬಸ್ಸಿನ ನೆತ್ತಿಯ ಮೇಲೆ. ಲೇಸು ಛಾವಣಿಯ ಕಿಂಡಿಗೆ ಸಿಕ್ಕಿಹಾಕಿಕೊಂಡಿದ್ದರಿಂದ ಕೆಳಗೆ ಬೀಳಲಿಲ್ಲ. ಬಸ್ಸಿನ ಮೇಲೆ ಹತ್ತುವುದು ಡ್ರೈವರಿಗೆ ನಿಷಿದ್ಧ. ಡಿಪೋದಿಂದ ಏಣಿ ಬರಬೇಕು, ಏಣಿಗೆ ಅರ್ಜಿ ಹೋಗಬೇಕು. ಆ ಅರ್ಜಿ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ ನಿಧಾನವಾಗಿ ನಡೆಯುತ್ತಿದ್ದರೆ, ಷೂ ಮಾತ್ರ ದಿನಕ್ಕೆರಡು ಸಲ ಲೇಕ್ ಓರ್ವಾ ಊರಿಡೀ ಮೆರವಣಿಗೆ ಹೋಗಿಬರುತ್ತಿತ್ತು.

ಫ್ಲಾರಿಡಾದ ಆ ಊರಿನಲ್ಲಿ ಜನಕ್ಕೆ ಮಾತಾಡಲು ವಿಷಯ ಕಡಿಮೆ. ಷೂ ಕೆಂಪೋ ನೇರಳೆಯೋ ಎಂಬುದೇ ಒಂದು ಚರ್ಚೆಯಾಯಿತು. ಲಾಂಡ್ರಿಯ ಹೆಂಗಸು ನೇರಳೆ ಎಂದಳು, ಅವಳ ಅಂಗಡಿ ರಸ್ತೆಯ ಬಲಗಡೆ ಇತ್ತು. ಎದುರಿನ ಕ್ಷೌರದಂಗಡಿಯವನು ಕೆಂಪು ಎಂದ. ವಿನಿಯ ಅಪ್ಪ ಡೆಲ್ಮರ್ ಇಬ್ಬರನ್ನೂ ಕರೆದು, "ದುಡ್ಡು ಕೊಟ್ಟು ತಂದವನು ನಾನು. ಕೆಂಪು ಅಂದ್ರೆ ಕೆಂಪೇ," ಎಂದು ತೀರ್ಪು ಕೊಟ್ಟ. ಲಾಂಡ್ರಿಯವಳು ಏನೋ ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಹೊರಟುಹೋಗಿದ್ದ.

ಇದು ಡೆಲ್ಮರ್‌ನ ಸ್ವಭಾವ. ಹಳೇ ಕಾರು ಮಾರುವ ಕೆಲಸದಲ್ಲಿ ಹದಿನೆಂಟು ವರ್ಷ ಸವೆಸಿದವನು. ಎದುರಿನವರು ಬಾಯಿ ಬಿಟ್ಟರೆ ವ್ಯಾಪಾರ ಕೆಡುತ್ತದೆ ಎಂಬುದು ಅವನು ಕಲಿತ ಮೊದಲ ಪಾಠ. ಆ ಪಾಠವನ್ನು ಅವನು ಅಂಗಡಿಯಲ್ಲೇ ಬಿಟ್ಟುಬರದೆ ಮನೆಗೂ ತಂದಿದ್ದ. ಹೆಂಡತಿ ಬಿಟ್ಟುಹೋಗಿ ನಾಲ್ಕು ವರ್ಷವಾಗಿತ್ತು. ಮನೆಯಲ್ಲಿ ಅಪ್ಪ, ಮಗಳು ಇಬ್ಬರೇ.

ಷೂ ಎಸೆದವಳು ವಿನಿಯ ಐದನೇ ತರಗತಿಯಲ್ಲೇ ಓದುವ ಕೆನ್ಲಿ ಎಂಬ ಹುಡುಗಿ. ಅದೊಂದೇ ಅಲ್ಲ, ವಿನಿ ಊದುವ ಟ್ರಾಂಬೋನು ಎಂಬ ವಾದ್ಯದೊಳಗೆ ಚಾಕೊಲೇಟ್ ಹಾಲು ಸುರಿದವಳೂ ಅವಳೇ. ವಿನಿ ಈಗ ದಿನಾ ಬೆಳಿಗ್ಗೆ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದಳು. ಟ್ರಾಂಬೋನು ಕಪಾಟು ಸೇರಿತು. ಊಟದ ಡಬ್ಬಿ ಹೋದ ಹಾಗೇ ವಾಪಸು ಬರುತ್ತಿತ್ತು. ಮಗಳ ಕೆನ್ನೆ ಒಳಗೆ ಹೋದದ್ದು ಕಂಡು ಡೆಲ್ಮರ್‌ಗೆ ತನ್ನ ಊಟವೂ ಸೇರುತ್ತಿರಲಿಲ್ಲ. ಒಂದು ರಾತ್ರಿ ವಿನಿ, "ಅಪ್ಪಾ, ಅದು ಬರೀ ಅವಳೊಬ್ಬಳೇ ಅಲ್ಲ..." ಎಂದು ಶುರುಮಾಡಿದ್ದಳು. "ನೀನೇನೂ ಹೇಳ್ಬೇಡ ಪುಟ್ಟಾ, ಅಪ್ಪ ಇದ್ದಾನೆ," ಎಂದು ಡೆಲ್ಮರ್ ಹೊದಿಕೆ ಹೊದಿಸಿ ದೀಪ ಆರಿಸಿದ್ದ.

ಪಕ್ಕದ ಮನೆಯ ಮಿಸ್ ಓಪಲ್ ಮೂವತ್ತು ವರ್ಷ ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಮುದುಕಿ. ಈಗ ಬ್ಯಾಟರಿಯ ಪುಟ್ಟ ಗಾಲ್ಫ್ ಗಾಡಿಯಲ್ಲಿ ಬೀದಿ ಬೀದಿ ಸುತ್ತಿ ಊರಿನ ವ್ಯವಹಾರವನ್ನೆಲ್ಲ ತಾನೇ ನೋಡಿಕೊಳ್ಳುತ್ತಿದ್ದಳು. ದಾರಿ ತೋರಿಸಿದವಳು ಅವಳೇ. ಶಾಲೆಯಲ್ಲಿ ಪೀಡೆಗೆ, ಏಟಿಗೆ ಸಿಕ್ಕ ಮಕ್ಕಳು ಬೇರೆ ಶಾಲೆಗೆ ಹೋಗಲು ವಿದ್ಯಾರ್ಥಿವೇತನ ಇದೆ, ದೂರು ಕೊಟ್ಟು ಹದಿನೈದು ದಿನಕ್ಕೆ ಹೆಡ್‌ಮಾಸ್ಟರು ಕಾಗದ ಕೊಡಲೇಬೇಕು ಎಂದಳು. "ಸೀಡರ್ ಹಿಲ್ ಶಾಲೇಲಿ ಐದನೇ ಕ್ಲಾಸಿಗೆ ಎರಡೇ ಸೀಟು ಉಳಿದಿದೆ ಮಗಾ. ತಿಂಗಳ ಕೊನೇ ಶುಕ್ರವಾರ ಮೂರು ಗಂಟೆಗೆ ಅಡ್ಮಿಶನ್ ಬಾಗಿಲು ಹಾಕ್ತಾರೆ," ಎಂದೂ ಎಚ್ಚರಿಸಿದಳು.

ಆ ವಿದ್ಯಾರ್ಥಿವೇತನದ ವಿಷಯ ಡೆಲ್ಮರ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕಾರು ಕೊಂಡವರು ಕಟ್ಟುವ ತೆರಿಗೆಯಲ್ಲಿ ನೂರೈದು ಡಾಲರನ್ನು ಅದಕ್ಕೇ ಕೊಡಬಹುದು. ಕಾಗದದಲ್ಲಿ ಒಂದು ಚೌಕ ಇರುತ್ತದೆ, ಗುರುತು ಹಾಕಿದರೆ ಸಾಕು. ವರ್ಷಗಟ್ಟಲೆ ಗಿರಾಕಿಗಳಿಂದ ಆ ಗುರುತು ಹಾಕಿಸಿದವನು ಅವನೇ. ತನ್ನ ಮಗಳಿಗೇ ಅದು ಬೇಕಾಗುತ್ತದೆಂದು ಮಾತ್ರ ಕನಸಿನಲ್ಲೂ ಎಣಿಸಿರಲಿಲ್ಲ.

ಅವನು ದೂರು ಕೊಟ್ಟು ಹದಿನೈದನೇ ದಿನಕ್ಕೆ ಆ ಶುಕ್ರವಾರ ಬಂತು. ಬೆಳಿಗ್ಗೆ ಎಂಟಕ್ಕೆ ಹೆಡ್‌ಮಾಸ್ಟರ್ ಹ್ಯಾಡಿಕ್ಸ್ ಕಾಗದ ಕೈಗಿಟ್ಟು, ಇದರಲ್ಲಿ ಎದುರು ಕಡೆಯ ಮಗುವಿನ ಹೆಸರಿಲ್ಲ, 'ಮತ್ತೊಬ್ಬ ವಿದ್ಯಾರ್ಥಿ' ಎಂದಷ್ಟೇ ಇದೆ, ಹೊರಗೆ ಎಲ್ಲೂ ಹೆಸರು ಎತ್ತಕೂಡದು, ಅದು ನಿಯಮ ಎಂದರು. ಇನ್ನೂ ಏನೋ ಹೇಳುವುದಿತ್ತು ಅವರಿಗೆ. "ಅರ್ಥ ಆಯ್ತು ಸರ್," ಎಂದು ಡೆಲ್ಮರ್ ಎದ್ದೇಬಿಟ್ಟ. ಮಧ್ಯಾಹ್ನದವರೆಗೆ ಅಂಗಡಿ, ಆಮೇಲೆ ಮಗಳನ್ನು ಕರೆದುಕೊಂಡು ನೇರ ಸೀಡರ್ ಹಿಲ್. ಲೆಕ್ಕ ಪಕ್ಕಾ ಇತ್ತು.

ಅಂಗಡಿಗೆ ಬಂದ ಮೊದಲ ಗಿರಾಕಿ ರೊಂಡಾ ವೀವರ್ ಎಂಬ ಹೆಂಗಸು. ಕಣ್ಣ ಕೆಳಗೆ ಕಪ್ಪು, ನಿದ್ದೆಯಿಲ್ಲದ ಮುಖ. ಒಂದು ಬೂದು ಬಣ್ಣದ ಮಿನಿವ್ಯಾನು ನೋಡಿ ಅದೇ ಸಾಕು ಎಂದಳು. ಚೌಕಾಸಿಯನ್ನೂ ಮಾಡಲಿಲ್ಲ. ಕಾಗದಗಳು ತಯಾರಾಗಿ ಆ ಚೌಕದ ಬಳಿ ಬಂದಾಗ ಇದೇನು ಎಂದು ಕೇಳಿದಳು.

ಕೇಳಬಾರದಿತ್ತು. ಡೆಲ್ಮರ್ ಕುರ್ಚಿ ಮುಂದಕ್ಕೆಳೆದುಕೊಂಡ. ತನಗೆ ಗೊತ್ತಿರುವ ಒಂದು ಮಗು ಎಂದು ಶುರುಮಾಡಿದ. ಹೊಟ್ಟೆನೋವು, ತಿನ್ನದೆ ವಾಪಸು ಬರುವ ಡಬ್ಬಿ, ಹಾಲು ಕುಡಿದ ಟ್ರಾಂಬೋನು, ಬಸ್ಸಿನ ಮೇಲೆ ಊರು ಸುತ್ತುವ ಷೂ, ಎಲ್ಲ ಹೇಳಿದ. ನಿಯಮಕ್ಕೆ ತಲೆಬಾಗಿ ಯಾರ ಹೆಸರನ್ನೂ ಎತ್ತಲಿಲ್ಲ. ಷೂ ಎಂದದ್ದೇ ತಡ, ರೊಂಡಾ ಕರ್ಚೀಫು ತೆಗೆದಳು.

"ನನ್ನ ಮಗಳದ್ದೂ ಇದೇ ಗೋಳು," ಎಂದಳು. "ಅವಳ ಷೂನೂ..."

"ನೋಡಿದ್ರಾ, ಮನೆ ಮನೆ ಕತೆ ಇದು," ಎಂದು ಡೆಲ್ಮರ್ ಅವಳ ಮಾತಿನ ಮೇಲೆಯೇ ಹಾಯ್ದ.

ರೊಂಡಾ ಕೈಚೀಲದಿಂದ ಮಡಿಸಿದ ಕಾಗದ ತೆಗೆದು ತೋರಿಸಿದಳು. ವಿದ್ಯಾರ್ಥಿವೇತನಕ್ಕೆ ಶಾಲೆ ಕೊಡುವ ಕಾಗದ ತನಗೂ ಈ ಬೆಳಿಗ್ಗೆ ಸಿಕ್ಕಿದೆ, ಆದರೆ ಎಲ್ಲಿಗೆ ಹೋಗಬೇಕೆಂದೇ ಗೊತ್ತಿಲ್ಲ ಎಂದಳು. ಡೆಲ್ಮರ್‌ಗೆ ಎದೆ ತುಂಬಿ ಬಂತು. ಯಾವ ಶಾಲೆ ಎಂದು ಕೇಳಬಹುದಿತ್ತು, ಯಾವ ತರಗತಿ ಎಂದೂ ಕೇಳಬಹುದಿತ್ತು. ಕೇಳಿ ಅಭ್ಯಾಸವಿಲ್ಲ. ಸೀಡರ್ ಹಿಲ್‌ನ ವಿಳಾಸ ಬರೆದುಕೊಟ್ಟ, ಮೂರು ಗಂಟೆಯೊಳಗೆ ಹೋಗಿ ಎಂದ, ಹತ್ತಿರದ ದಾರಿಯನ್ನೂ ಚಿತ್ರ ಬರೆದು ತೋರಿಸಿದ. ರೊಂಡಾ ಚೌಕಕ್ಕೆ ಗುರುತು ಹಾಕಿ, ಅವನ ಎರಡೂ ಕೈ ಹಿಡಿದುಕೊಂಡು, "ನಿಮ್ಮ ಹೊಟ್ಟೆ ತಣ್ಣಗಿರಲಿ," ಎಂದು ಹೊಸ ವ್ಯಾನು ಹತ್ತಿ ಹೋದಳು. ಡೆಲ್ಮರ್‌ಗೆ ಅವತ್ತು ತಾನು ಕಾರು ಮಾರಿದ ಹಾಗೇ ಅನ್ನಿಸಲಿಲ್ಲ, ಪುಣ್ಯ ಕಟ್ಟಿಕೊಂಡ ಹಾಗೆ ಅನ್ನಿಸಿತು.

ಊರಿಗೆಲ್ಲ ಒಳ್ಳೇ ಗಾಡಿ ಕೊಡುವವನ ಸ್ವಂತ ಗಾಡಿ ಹೇಗಿರುತ್ತದೆ? ಎರಡೂಕಾಲಿಗೆ, ಮಗಳನ್ನು ಕೂರಿಸಿಕೊಂಡು ಹೆದ್ದಾರಿಗೆ ಬರುವಷ್ಟರಲ್ಲಿ, ಮೂರು ಕೊಕ್ಕರೆಗಳು ರಸ್ತೆ ದಾಟಲು ಇಳಿದವು. ಎದೆಯೆತ್ತರದ ಬೂದು ಕೊಕ್ಕರೆಗಳು, ಯಾರಪ್ಪನ ಹೆದರಿಕೆಯೂ ಇಲ್ಲ. ನಡುರಸ್ತೆಯಲ್ಲಿ ನಿಂತು ಹುಳ ಹುಡುಕಿದವು. ಹಾರ್ನ್ ಹೊಡೆದರೆ ಒಂದು ಕೊಕ್ಕರೆ ಬಂದು ಗಾಡಿಯ ಬಂಪರಿನಲ್ಲಿ ತನ್ನ ಮುಖ ನೋಡಿಕೊಂಡು ಕುಕ್ಕಿತು. ಅವು ಅತ್ತ ಹೋಗುವ ಹೊತ್ತಿಗೆ ಆ ಬಿಸಿಲಿನಲ್ಲಿ ಎಂಜಿನ್ನು ಒಮ್ಮೆ ಕೆಮ್ಮಿ ಕಣ್ಣು ಮುಚ್ಚಿತು.

ಐದು ನಿಮಿಷ ಬಾನೆಟ್ಟಿನೊಳಗೆ ತಲೆ ತೂರಿಸಿ ನಿಂತ. ಶರ್ಟಿಗೆ ಗ್ರೀಸು ಬಂತು, ಎಂಜಿನ್ನಿಗೆ ಜೀವ ಬರಲಿಲ್ಲ. ಆಗ ಬಂದಳು ಮಿಸ್ ಓಪಲ್, ಗಾಲ್ಫ್ ಗಾಡಿಯಲ್ಲಿ. ಊರಿನಲ್ಲಿ ಯಾರ ಗಾಡಿ ಕೆಟ್ಟರೂ ಅವಳಿಗೆ ವಾಸನೆ ಬಡಿಯುತ್ತದೆ. "ಹತ್ತು ಮಗಾ. ನಾನು ಮೂವತ್ತು ವರ್ಷದಲ್ಲಿ ಒಂದ್ಸಲಾನೂ ತಡ ಮಾಡಿದವಳಲ್ಲ," ಎಂದಳು. ತಡ ಮಾಡದಿರಲು ಈ ಗಾಡಿಗೆ ವೇಗವೂ ಬೇಕಿತ್ತು. ಸೈಕಲ್ಲಿನವರು ಹಿಂದೆ ಹಾಕಿ ಹೋದರು. ಒಬ್ಬ ಮುದುಕ ನಾಯಿ ಹಿಡಿದುಕೊಂಡು ಸ್ವಲ್ಪ ದೂರ ಪಕ್ಕದಲ್ಲೇ ನಡೆದುಬಂದು, ಷೂ ಕೆಂಪೋ ನೇರಳೆಯೋ ಇತ್ಯರ್ಥವಾಯಿತೇ ಎಂದು ವಿಚಾರಿಸಿಕೊಂಡ. ಆಗಲೇ ಬೂದು ಮಿನಿವ್ಯಾನೊಂದು ಹಾರ್ನ್ ಹೊಡೆದು ದಾಟಿಹೋಯಿತು. ಕಿಟಕಿಯಿಂದ ರೊಂಡಾ ಕೈ ಬೀಸಿದಳು. ಡೆಲ್ಮರ್ ಹೆಮ್ಮೆಯಿಂದ ಕೈ ಬೀಸಿ, "ನಾನೇ ಮಾರಿದ್ದು. ಎಷ್ಟು ಚೆನ್ನಾಗಿ ಓಡುತ್ತೆ ನೋಡಿ," ಎಂದ. ವಿನಿ ಮಾತ್ರ ಆ ವ್ಯಾನಿನ ಹಿಂದಿನ ಕಿಟಕಿ ನೋಡಿ ಸೀಟಿನಲ್ಲಿ ಕುಸಿದಳು. ಬಿಸಿಲು ಎಂದುಕೊಂಡ ಡೆಲ್ಮರ್ ತನ್ನ ಟೋಪಿ ತೆಗೆದು ಅವಳ ತಲೆಗಿಟ್ಟ.

ಮೂರಕ್ಕೆ ಐದು ನಿಮಿಷ ಇದ್ದಾಗ ಸೀಡರ್ ಹಿಲ್ ತಲುಪಿದರು. ಮುಖ್ಯಸ್ಥೆ ಮಿಸೆಸ್ ಲವೆಲ್, ಒಂದು ಸೀಟು ಈಗಷ್ಟೇ ಹೋಯಿತು, ಇನ್ನೊಂದು ಇದೆ ಎಂದರು. ಡೆಲ್ಮರ್ ಉಸಿರು ಬಿಡದೆ ಆರು ಕಡೆ ಸಹಿ ಹಾಕಿದ. ಬೇಟೆಯಾಡಿ ಬಂದವನ ಗತ್ತಿನಲ್ಲಿ ಮಗಳ ಹೆಗಲ ಮೇಲೆ ಕೈಯಿಟ್ಟು, ಹೊಸ ತರಗತಿ ತೋರಿಸಲು ಕರೆದುಕೊಂಡು ಹೋದ.

ಕಿಟಕಿಯ ಗಾಜಿನಾಚೆ, ಮುಂದಿನ ಬೆಂಚಿನಲ್ಲಿ, ಕೆನ್ಲಿ ಕೂತಿದ್ದಳು. ಪಕ್ಕದಲ್ಲಿ ಅವಳ ಕೂದಲು ಸರಿಮಾಡುತ್ತ ರೊಂಡಾ.

ವಿನಿ ಅಪ್ಪನ ತೋಳು ಹಿಡಿದೆಳೆದಳು. "ಅಪ್ಪಾ, ಮನೆಗೆ ಹೋಗೋಣ," ಎಂದಳು. ಅಳಲೂ ಇಲ್ಲ, ಅಷ್ಟೇ ಹೇಳಿದಳು. ಡೆಲ್ಮರ್‌ಗೆ ಬೆಳಗಿನ ತನ್ನ ಭಾಷಣವೆಲ್ಲ ಸಾಲುಸಾಲಾಗಿ ನೆನಪಾಯಿತು. ವಿಳಾಸ ತಾನೇ ಬರೆದದ್ದು, ದಾರಿ ತಾನೇ ತೋರಿಸಿದ್ದು, ವ್ಯಾನನ್ನೂ ತಾನೇ ಮಾರಿದ್ದು. ಪೀಡೆಯನ್ನು ಪೆಟ್ರೋಲು ತುಂಬಿಸಿ ತನಗಿಂತ ಮುಂದೆ ಕಳಿಸಿದ್ದ. ಗೋಡೆಗೊರಗಿ ನಿಂತ.

ಸೋತೆ ಎಂದು ಒಪ್ಪಿಕೊಳ್ಳುವ ಜಾತಿಯವನಲ್ಲ ಅವನು. ಶಾಲೆಯ ಹಿಂಬದಿಯಲ್ಲಿ ಮಗಳನ್ನು ಮಿಸ್ ಓಪಲ್ ಬಳಿ ಕೂರಿಸಿ, ಅಲ್ಲಿನ ಓಕ್ ಮರದ ಕೆಳಗೆ ಅರ್ಧ ಗಂಟೆ ಶತಪಥ ಹಾಕಿದ. ಮೂರೂವರೆಗೆ ತಲೆಯಲ್ಲಿ ದೀಪ ಹತ್ತಿತು. ಕೆನ್ಲಿ ಇಲ್ಲಿದ್ದಾಳೆ. ಅಂದರೆ ಹಳೇ ಶಾಲೆಯಲ್ಲಿ ಕೆನ್ಲಿ ಇಲ್ಲ. ಹಾವು ತಾನಾಗಿ ಮನೆ ಬಿಟ್ಟು ಹೋದ ಮೇಲೆ ಮನೆಯವರೇಕೆ ಓಡಬೇಕು?

ಒಳಗೆ ನುಗ್ಗಿ ತನ್ನ ಕಾಗದ ವಾಪಸು ಕೇಳಿದ. ಮಿಸೆಸ್ ಲವೆಲ್ ಹುಬ್ಬೇರಿಸಿದರು. "ಇದೇನ್ರೀ ಇವತ್ತು, ಈಗ ತಾನೇ..." ಎನ್ನುವಷ್ಟರಲ್ಲಿ, "ಕ್ಷಮಿಸಿ ಮೇಡಂ, ನಿಮ್ಮ ಶಾಲೆ ಚಿನ್ನದಂಥದ್ದು, ನಮಗೇ ಭಾಗ್ಯ ಇಲ್ಲ," ಎಂದು ಕಾಗದ ಹರಿದು ಜೇಬಿಗೆ ಹಾಕಿಕೊಂಡು ಹೊರಬಿದ್ದ. ಅಲ್ಲಿಂದಲೇ ಹ್ಯಾಡಿಕ್ಸ್‌ಗೆ ಫೋನು ಮಾಡಿದ. ಹುಡುಗಿಯ ಹೆಸರು ಇನ್ನೂ ತೆಗೆದೇ ಇಲ್ಲ, ಸೋಮವಾರ ಧಾರಾಳವಾಗಿ ಬರಲಿ ಎಂದರು ಅವರು. ದಾರಿಯಲ್ಲಿ ಬೇಯಿಸಿದ ಕಡಲೆಕಾಯಿ ಕೊಂಡರು. ಇನ್ನು ಕೆನ್ಲಿ ಇರುವುದಿಲ್ಲ ಎಂದು ಕೇಳಿದ ವಿನಿ ಒಂದು ಪೊಟ್ಟಣ ಪೂರ್ತಿ ತಿಂದಳು. ಎಷ್ಟೋ ದಿನದ ಮೇಲೆ ಮಗಳು ಹೊಟ್ಟೆ ತುಂಬ ತಿಂದದ್ದು ಕಂಡು ಡೆಲ್ಮರ್‌ನ ಕಣ್ಣು ಒದ್ದೆಯಾಯಿತು.

ಸೋಮವಾರ ಬೆಳಿಗ್ಗೆ ವಿನಿಗೆ ಹೊಟ್ಟೆನೋವಿರಲಿಲ್ಲ. ಟ್ರಾಂಬೋನು ಕಪಾಟಿನಿಂದ ಇಳಿಯಿತು. ಅಪ್ಪ ಮಗಳು ಶಾಲೆಯ ಗೇಟಿಗೆ ಬಂದರೆ, ಅಲ್ಲಿ ಬೂದು ಮಿನಿವ್ಯಾನು ನಿಂತಿತ್ತು. ಪಕ್ಕದಲ್ಲಿ ರೊಂಡಾ, ಅವಳ ಬೆನ್ನ ಹಿಂದೆ ಕೆನ್ಲಿ.

ರೊಂಡಾಳ ಮುಖ ಮೊದಲು ಬಿಳಿಯಾಯಿತು, ಆಮೇಲೆ ಕೆಂಪಾಯಿತು. "ನೀವಾ ವಿನಿ ಅಪ್ಪ?" ಎಂದಳು. "ಕಿಟಕೀಲಿ ನಿಮ್ಮ ಹುಡುಗೀನ ನೋಡಿ ನಮ್ಮವಳು ನಡುಗಿಹೋದಳು. ಅವಳಿರೋ ಕಡೆ ಬೇಡ ಅಂತ ನಾನು ಮೂರೂಕಾಲಿಗೇ ಸೀಟು ಬಿಟ್ಟುಬಂದೆ."

"ಮೂರೂಕಾಲಿಗೆ?" ಎಂದ ಡೆಲ್ಮರ್. ತಾನು ಬಿಟ್ಟದ್ದು ಮೂರೂವರೆಗೆ. ಅವತ್ತು ಮಿಸೆಸ್ ಲವೆಲ್ ಮಾತನ್ನು ಒಂದೇ ಒಂದು ನಿಮಿಷ ಕೇಳಿದ್ದರೆ ಸಾಕಿತ್ತು. ಖಾಲಿಬಿದ್ದ ಆ ಎರಡು ಸೀಟುಗಳಿಗಾಗಿ ಸೀಡರ್ ಹಿಲ್ ಮತ್ತೆ ಬಾಗಿಲು ತೆರೆದಿತ್ತು, ಮಿಸ್ ಓಪಲ್ ಬೇರೆ ಎರಡು ಮನೆಯವರಿಗೆ ದಾರಿ ತೋರಿಸಿಯೂ ಆಗಿತ್ತು.

"ನಿಮ್ಮ ಮಗಳು ನಡುಗಿದ್ಲಾ? ನಮ್ಮ ಮಗೂನ ಕಂಡ್ರೆ?" ಎಂದು ಅವನು ಶುರುಮಾಡುವಷ್ಟರಲ್ಲಿ ಹಳದಿ ಬಸ್ಸು ಬಂದು ನಿಂತಿತು. ಕೊನೆಗೂ ಡಿಪೋದ ಏಣಿ ಬಂದಿತ್ತು. ಡ್ರೈವರು ಇಳಿದು ಒಂದು ಚೀಲವನ್ನು ಡೆಲ್ಮರ್‌ನ ಕೈಗೆ ಕೊಟ್ಟ. ಅದರೊಳಗೆ ಎರಡು ಷೂ. ಒಂದು ಕೆಂಪು, ವಿನಿಯದು. ಇನ್ನೊಂದು ನೇರಳೆ.

"ಅದು ನಂದು," ಎಂದಳು ಕೆನ್ಲಿ, ಅಮ್ಮನ ಹಿಂದಿನಿಂದ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ, ವಿನಿ ತನ್ನ ಬಲಗೈಯನ್ನು ಬೆನ್ನ ಹಿಂದೆ ಮರೆಮಾಡಿದಳು. ಡೆಲ್ಮರ್ ಅವಳ ಮುಂದೆ ಮೊಣಕಾಲೂರಿದ. ಭಾಷಣ ತುಟಿಯವರೆಗೂ ಬಂತು. ಅದನ್ನು ನುಂಗಿಕೊಂಡು, ಅವತ್ತು ಹೇಳಲು ಬಂದದ್ದು ಏನು ಎಂದು ಮೆಲ್ಲಗೆ ಕೇಳಿದ.

ವಿನಿ ಹೇಳತೊಡಗಿದಳು. ನೇರಳೆ ಷೂ ಎಸೆದದ್ದು ತಾನೇ, ಅದಕ್ಕೆ ಮೊದಲು ಟ್ರಾಂಬೋನಿಗೆ ಹಾಲು, ಅದಕ್ಕೆ ಮೊದಲು ಕೆನ್ಲಿಯ ಕೂದಲಿಗೆ ಗೋಂದು, ಅದಕ್ಕೂ ಮೊದಲು ಮೂರನೇ ತರಗತಿಯಲ್ಲಿ ಮುರಿದ ಪೆನ್ಸಿಲ್ ಡಬ್ಬಿ. ಕೆನ್ಲಿ ನಡುನಡುವೆ ತಿದ್ದಿದಳು. ಗಂಟೆ ಹೊಡೆದರೂ ಒಂದನೇ ತರಗತಿ ಮುಟ್ಟಿರಲಿಲ್ಲ. ಇಬ್ಬರಿಗೂ ಬೆಳಿಗ್ಗೆ ಹೊಟ್ಟೆನೋವು, ಇಬ್ಬರಿಗೂ ಇನ್ನೊಬ್ಬಳ ಭಯ. ಇಬ್ಬರೂ ಹುಡುಗಿಯರು ತಂತಮ್ಮ ಷೂ ಎದೆಗವಚಿಕೊಂಡು, ನಡುವೆ ನಾಲ್ಕು ಮಾರು ಜಾಗ ಬಿಟ್ಟು, ಅದೇ ಶಾಲೆಯ ಅದೇ ಬಾಗಿಲೊಳಗೆ ಹೋದರು.

ಡೆಲ್ಮರ್ ಅಂಗಡಿಗೆ ಬಂದಾಗ ಒಬ್ಬ ಗಿರಾಕಿ ಕಾದಿದ್ದ. ಕಾಗದಗಳ ಮೇಲೆ ಸಹಿ ಹಾಕುತ್ತ ಹಾಕುತ್ತ ಅವನ ಪೆನ್ನು ಆ ಚೌಕದ ಬಳಿ ನಿಂತಿತು.

"ಇದೇನ್ರೀ ಇದು?"

ಡೆಲ್ಮರ್ ಅಭ್ಯಾಸಬಲದಿಂದ ಕುರ್ಚಿ ಮುಂದಕ್ಕೆಳೆದುಕೊಂಡ. ಬಾಯಿ ತೆರೆದ. ಮತ್ತೆ ಮುಚ್ಚಿದ. ಹದಿನೆಂಟು ವರ್ಷದ ಅನುಭವವನ್ನೆಲ್ಲ ಬದಿಗಿಟ್ಟು, ಎರಡೂ ಕೈ ಮೇಜಿನ ಮೇಲಿಟ್ಟುಕೊಂಡು ಕೇಳಿದ:

"ಮೊದಲು ನೀವು ಹೇಳಿ ಸರ್. ನಿಮ್ಮನೇಲಿ ಐದನೇ ಕ್ಲಾಸು ಓದೋ ಮಗು ಇದೆಯಾ?"