ಮೀನಿನ ತಲೆಯ ಮರ್ಯಾದೆ

ದೊಡ್ಡ ಹೋಟೆಲಿಗೆ ಹೋಗಿ ಹೊಟ್ಟೆ ತುಂಬ ಉಂಡು ಬಂದವರನ್ನು ನಾನು ಈವರೆಗೆ ಕಂಡಿಲ್ಲ. ಹೋಗಿಬಂದವರೆಲ್ಲ ಅಲ್ಲಿನ ದೀಪದ ಬಗ್ಗೆ ಹೇಳುತ್ತಾರೆ, ಕುರ್ಚಿಯ ಮೆತ್ತೆಯ ಬಗ್ಗೆ ಹೇಳುತ್ತಾರೆ, ಬಾಗಿಲಲ್ಲಿ ಸಲಾಮು ಹೊಡೆದವನ ಮೀಸೆಯ ಬಗ್ಗೆಯೂ ಹೇಳುತ್ತಾರೆ. ಊಟ ಹೇಗಿತ್ತು ಎಂದು ಕೇಳಿದರೆ ಮಾತ್ರ ‘ಪರವಾಗಿಲ್ಲ’ ಎಂದು ಮಾತು ತಿರುಗಿಸುತ್ತಾರೆ. ಅದರಲ್ಲೂ ಸಮುದ್ರದ ಮೀನಿನ ದೊಡ್ಡ ಹೋಟೆಲು ಎಂದರೆ ನನ್ನ ತಲೆಗೆ ಇವತ್ತಿಗೂ ಹತ್ತದ ಜಾಗ. ನಾನು ರಾಯದುರ್ಗದವನು, ಜೀನ್ಸ್ ಪ್ಯಾಂಟು ಹೊಲಿಸುವುದು ನನ್ನ ಕಸುಬು. ಎದುರಿಗೆ ಬಂದವರ ಸೊಂಟದ ಅಳತೆಯನ್ನು ಟೇಪು ಹಿಡಿಯದೆ ಹೇಳಬಲ್ಲೆ. ಆದರೆ ಅಂಥ ಹೋಟೆಲಿನ ಮೆನು ಕಾರ್ಡನ್ನು ಕೈಗೆ ಕೊಟ್ಟರೆ ಎಲ್ಲಿಂದ ಓದಲು ಶುರು ಮಾಡಬೇಕೆಂದೇ ತಿಳಿಯುವುದಿಲ್ಲ. ನಮ್ಮೂರಿಗೆ ಯಾವ ದಿಕ್ಕಿನಿಂದಲೂ ಸಮುದ್ರ ಹತ್ತಿರವಿಲ್ಲ. ನಮಗೆ ಮೀನು ಎಂದರೆ ಕೆರೆಯ ಮೀನು, ಅದೂ ಮಳೆರಾಯ ಮನಸ್ಸು ಮಾಡಿದ ವರ್ಷ.

ಒಮ್ಮೆ ಬಳ್ಳಾರಿಯ ಸಾಹುಕಾರರೊಬ್ಬರು ನನ್ನನ್ನು ಇಂಥದೇ ಒಂದು ಹೋಟೆಲಿಗೆ ಕರೆದೊಯ್ದಿದ್ದರು. ನಮಗೆ ಬಟ್ಟೆ ಕೊಟ್ಟು ಪ್ಯಾಂಟು ಹೊಲಿಸಿಕೊಳ್ಳುವವರು ಅವರು, ನಮ್ಮ ಅನ್ನದಾತರೆಂದೇ ಇಟ್ಟುಕೊಳ್ಳಿ. ಅಲ್ಲಿ ಏಡಿ ತರಿಸಿದರು. ಏಡಿಯ ಜೊತೆಗೆ ಅಡಕತ್ತರಿಯಂಥ ಒಂದು ಇಕ್ಕಳವನ್ನೂ ತಂದಿಟ್ಟರು. ಹುಟ್ಟಿದಾಗಿನಿಂದ ಕತ್ತರಿ ಹಿಡಿದ ಕೈ, ಇದೇನು ಮಹಾ ಎಂದು ಒತ್ತಿದೆ. ಏಡಿಯ ಕಾಲು ಸಿಡಿದು ಹೋಗಿ ಸಾಹುಕಾರರ ಬಿಳಿ ಅಂಗಿಯ ಜೇಬಿನಲ್ಲಿ ಕೂತಿತು. ಅವರು ದೊಡ್ಡ ಮನುಷ್ಯರು, ನಕ್ಕು ಸುಮ್ಮನಾದರು. ಇನ್ನು ಇಂಥ ಹೋಟೆಲಿನ ಮೆಟ್ಟಿಲು ಹತ್ತಬಾರದೆಂದು ನಾನು ಅವತ್ತೇ ತೀರ್ಮಾನಿಸಿದ್ದೆ. ಹೀಗಿದ್ದವನು ಬೆಂಗಳೂರಿನ ಒಂದು ಮೀನಿನ ಹೋಟೆಲಿಗೆ ನಾನಾಗಿಯೇ ನಡೆದು ಹೋದೆನೆಂದರೆ ಅದಕ್ಕೆ ಒಂದು ಮೀನಿನ ತಲೆಯೇ ಕಾರಣ.

ನನ್ನ ಹೆಂಡತಿ ರತ್ನಮ್ಮ ಮಡಕಶಿರದ ಕಡೆಯವಳು. ತವರಿನಲ್ಲಿ ಕಡಲೆಕಾಯಿ, ರಾಗಿ, ಹಿಪ್ಪುನೇರಳೆ ಬೆಳೆದು ರೇಷ್ಮೆಹುಳ ಸಾಕುತ್ತಾರೆ. ರಾಯದುರ್ಗಕ್ಕೆ ಬಂದು ಇಷ್ಟು ವರ್ಷವಾದರೂ ಅವಳ ಮಾತು ಮಾತ್ರ ಇನ್ನೂ ಬಸ್ಸು ಹತ್ತಿಲ್ಲ. ನಾವು ‘ಐತಿ’ ಅಂದರೆ ಅವಳು ‘ಐತೆ’ ಎನ್ನುತ್ತಾಳೆ. ಮಾತಿನ ಜೊತೆಗೆ ಅವಳು ತವರಿನಿಂದ ಒಂದು ಪದ್ಧತಿಯನ್ನೂ ತಂದಳು. ಅವರ ಮನೆಯಲ್ಲಿ ಮೀನಿನ ಸಾರು ಮಾಡಿದ ದಿನ ಮೀನಿನ ತಲೆ ಯಾರಿಗೆಂದರೆ ಅವರಿಗೆ ಹಾಕುವಂತಿಲ್ಲ. ಅದು ಮರ್ಯಾದೆ ಸಲ್ಲಬೇಕಾದ ಅತಿಥಿಗೆ ಮೀಸಲು. ಅಕ್ಕನನ್ನು ಕೊಟ್ಟ ಮನೆಗೆ ತಮ್ಮ ಬಂದಾಗಲಂತೂ ಅದು ತಮ್ಮನದೇ. ಇವಳಿಗೆ ಇರುವವನು ಒಬ್ಬನೇ ತಮ್ಮ, ತಿಪ್ಪೇಸ್ವಾಮಿ. ಅವನು ಬಂದಾಗಲೆಲ್ಲ ರತ್ನಮ್ಮ ಸೌಟಿನಲ್ಲಿ ತಲೆಯನ್ನು ಹುಷಾರಾಗಿ ಎತ್ತಿ ಅವನ ಮುದ್ದೆಯ ಪಕ್ಕಕ್ಕೆ ಇಳಿಸುತ್ತಿದ್ದಳು. ಆಮೇಲೆ ಉಳಿದ ತುಂಡುಗಳು ನಮ್ಮ ಪಾಲಿಗೆ.

ಮೂರು ವರ್ಷದ ಹಿಂದೆ ಒಂದು ಭಾನುವಾರ ತಿಪ್ಪೇಸ್ವಾಮಿ ನಮ್ಮ ಮನೆಗೆ ಬಂದಿದ್ದ. ಅದೇ ಹೊತ್ತಿಗೆ ಏಡಿಯ ಸಾಹುಕಾರರೂ ಬಂದುಬಿಟ್ಟರು. ಅತಿಥಿಗಳು ಇಬ್ಬರು, ಮೀನು ಒಂದೇ. ರತ್ನಮ್ಮ ನನ್ನ ಮುಖ ನೋಡಿದಳು. ನಾನು ಅನ್ನದಾತರ ತಟ್ಟೆಯ ಕಡೆ ಕಣ್ಣು ತಿರುಗಿಸಿದೆ. ತಲೆ ಅಲ್ಲಿಗೆ ಹೋಯಿತು. ಸ್ವಲ್ಪ ಹೊತ್ತಿಗೆ ತಿಪ್ಪೇಸ್ವಾಮಿಗೆ ಒಂದು ಫೋನು ಬಂತು. ಹೊರಗೆ ಹೋಗಿ ಮಾತಾಡಿ ಬಂದವನೇ ಅರ್ಧ ಮುದ್ದೆ ಬಿಟ್ಟು ಕೈ ತೊಳೆದ. “ಬತ್ತೀನಿ ಭಾವ, ಮನೇಲಿ ಕೆಲ್ಸ ಐತೆ” ಎಂದವನು ಚಪ್ಪಲಿ ಮೆಟ್ಟಿ ಹೊರಟೇಬಿಟ್ಟ. ತಟ್ಟೆಯಲ್ಲಿ ಮೀನಿನ ಸಾರು ಹಬೆಯಾಡುತ್ತಿರುವಾಗ ಕೆಲಸವಿದೆ ಎಂದು ಎದ್ದು ಹೋಗುವ ಮನುಷ್ಯ ಭೂಮಿಯ ಮೇಲೆ ಎಲ್ಲಾದರೂ ಇದ್ದಾನೆಯೇ? ಅವನು ಅತ್ತ ಹೋದದ್ದೇ ತಡ, ರತ್ನಮ್ಮ ಅಡುಗೆಮನೆಯಲ್ಲಿ ಕಣ್ಣು ಒರೆಸಿಕೊಂಡಳು. “ತಲೆ ಅವರಿಗೆ ಹಾಕ್ಸಿದ್ರಿ. ನನ್ ತಮ್ಮ ಎದ್ದು ಹೋದ” ಎಂದಳು.

ಆಮೇಲೆ ಅವನು ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ಅಕ್ಕ ತಮ್ಮ ಫೋನಿನಲ್ಲಿ ಮಾತಾಡುತ್ತಿದ್ದರು, ಆದರೆ ಅದು ಹವಾಮಾನ ವರದಿಯಷ್ಟೇ ಇರುತ್ತಿತ್ತು. ‘ಬಾ’ ಎಂದು ಕರೆಯಲು ಇವಳಿಗೆ ಭಯ; ಬರುವುದಿಲ್ಲ ಎಂದುಬಿಟ್ಟರೆ ಗತಿಯೇನು? ನನಗಂತೂ ಅವನ ನಂಬರು ಒತ್ತಲು ಮುಖವೇ ಇರಲಿಲ್ಲ. ಹೀಗೇ ನಡೆಯುತ್ತಿತ್ತೇನೋ. ಅಷ್ಟರಲ್ಲಿ ನಮ್ಮ ಮಗಳ ಮದುವೆ ನಿಶ್ಚಯವಾಯಿತು. ನಮ್ಮಲ್ಲಿ ಹೆಣ್ಣನ್ನು ಕೈ ಹಿಡಿದು ಮಂಟಪಕ್ಕೆ ಕರೆತರುವವನು ಸೋದರಮಾವ. ರತ್ನಮ್ಮ ಖಡಾಖಂಡಿತವಾಗಿ ಹೇಳಿದಳು: “ನನ್ ತಮ್ಮ ಬರ್ದಿದ್ರೆ ನಾನೂ ಮಂಟಪದ ಹತ್ರ ಬರಾಕಿಲ್ಲ. ಕೆಡ್ಸಿದೋರು ನೀವು, ನೀವೇ ಸರಿ ಮಾಡಿ.”

ಸರಿ ಮಾಡುವುದು ಹೇಗೆ? ಅವರ ಮನೆಗೆ ನಾನು ಹೋದರೆ ಅವನೇ ನನಗೆ ಊಟ ಹಾಕಬೇಕಾಗುತ್ತದೆ, ಮರ್ಯಾದೆ ಮತ್ತೆ ನನಗೇ ಬರುತ್ತದೆ. ನಮ್ಮ ಮನೆಗೆ ಅವನು ಬರುವುದಿಲ್ಲ. ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕು ಎನ್ನುತ್ತಾರಲ್ಲ, ಮೀನಿನಿಂದ ಕೆಟ್ಟದ್ದನ್ನು ಮೀನಿನಿಂದಲೇ ಸರಿಪಡಿಸಬೇಕು, ಅದೂ ಯಾರ ಮನೆಯೂ ಅಲ್ಲದ ಜಾಗದಲ್ಲಿ ಎಂದು ಲೆಕ್ಕ ಹಾಕಿದೆ. ನಾನು ಗುಂಡಿ, ಜಿಪ್ಪು ತರಲು ಬೆಂಗಳೂರಿಗೆ ಹೋಗುತ್ತಿರುತ್ತೇನೆ. ಅವನಿಗೂ ಮಡಕಶಿರದಿಂದ ನೇರ ಬಸ್ಸಿದೆ. ಗುಂಡಿ ಅಂಗಡಿಯವರು ಒಂದು ಹೋಟೆಲಿನ ಗುರುತು ಹೇಳಿ, “ಮೀನು ಅಂದ್ರೆ ಅಲ್ಲೇ ತಿನ್ನಬೇಕು” ಎಂದರು. ಭಾವ ಅಲ್ಲಿಗೆ ಊಟಕ್ಕೆ ಕರೆದಿದ್ದಾರೆ ಎಂದು ರತ್ನಮ್ಮನಿಂದ ಫೋನು ಮಾಡಿಸಿದೆ. ತಿಪ್ಪೇಸ್ವಾಮಿ ‘ಹೂಂ’ ಅಂದನಂತೆ. ಅದು ಸಿಟ್ಟಿನ ಹೂಂ ಇರಬಹುದೋ ಒಪ್ಪಿಗೆಯ ಹೂಂ ಇರಬಹುದೋ ಎಂದು ಗಂಡಹೆಂಡತಿ ಒಂದು ವಾರ ಚರ್ಚೆ ಮಾಡಿದೆವು.

ಹೇಳಿದ ಸಂಜೆ ಅವನು ಹೋಟೆಲಿನ ಬಾಗಿಲಲ್ಲಿ ನಿಂತಿದ್ದ. ಬಿಳಿ ಪಂಚೆ, ಕೈಯಲ್ಲಿ ಒಂದು ಚೀಲ. “ಹಸಿ ಕಡ್ಲೆಕಾಯಿ ಭಾವ, ಅಕ್ಕಂಗೆ” ಎಂದ. ನನಗೆ ಇದೂ ಅರ್ಥವಾಗಲಿಲ್ಲ. ಪ್ರೀತಿಯಿಂದ ತಂದದ್ದೋ, ಇಷ್ಟಕ್ಕೆ ನಿಮ್ಮ ಋಣ ಹರಿಯಿತು ಎನ್ನಲು ತಂದದ್ದೋ? ಒಳಗೆ ಹೋದರೆ ಕತ್ತಲು. ಮೀನಿನ ಮುಳ್ಳು ಕಾಣದಷ್ಟು ಕತ್ತಲೆ ಮಾಡಿ ಮೀನು ಬಡಿಸುವ ಧೈರ್ಯ ಇವರಿಗೆ ಎಲ್ಲಿಂದ ಬಂತೋ ಎಂದುಕೊಂಡೆ. ಒಂದು ಮೂಲೆಯಲ್ಲಿ ಐಸಿನ ಹಾಸಿಗೆಯ ಮೇಲೆ ಮೀನುಗಳನ್ನು ಮಲಗಿಸಿದ್ದರು. ಬೇಕಾದದ್ದನ್ನು ಆರಿಸಿಕೊಳ್ಳಿ ಎಂದರು. ತಿಪ್ಪೇಸ್ವಾಮಿ ನೇರವಾಗಿ ಒಂದು ದೊಡ್ಡ ಮೀನಿನ ಕಿವಿರಿಗೆ ಬೆರಳು ಹಾಕಿ ಎತ್ತಿ, ಒಳಗೆ ಕೆಂಪಗಿದೆಯೇ ಎಂದು ನೋಡಿದ. ವೇಟರು ಬೆಚ್ಚಿಬಿದ್ದು ಅವನ ಕೈಗೆ ಕಾಗದದ ಕರವಸ್ತ್ರ ಕೊಟ್ಟ. ನಾನು ಮಾತ್ರ ಆ ಮೀನಿನ ತಲೆಯನ್ನೇ ನೋಡುತ್ತಿದ್ದೆ. ಎಂಥ ತಲೆ! ಮೂರು ವರ್ಷದ ಸಿಟ್ಟು ಬಡ್ಡಿಸಮೇತ ಇಳಿಯುವಂಥ ತಲೆ. ಅದನ್ನೇ ಕೊಡಿ ಎಂದೆ.

ಬಹಳ ಹೊತ್ತಿನ ಮೇಲೆ ಎರಡು ದೊಡ್ಡ ತಟ್ಟೆ ಬಂದವು. ತಟ್ಟೆಯ ನಡುವೆ ಅಂಗೈ ಅಗಲದ ಬಿಳಿ ತುಂಡುಗಳು, ಮೇಲೊಂದು ಎಲೆ, ಪಕ್ಕದಲ್ಲಿ ಬೆರಳಿನಿಂದ ಗೆರೆ ಎಳೆದಷ್ಟು ಹಳದಿ ಸಾರು. ಮುಳ್ಳಿಲ್ಲ, ಚರ್ಮವಿಲ್ಲ, ಖಾರವಿಲ್ಲ. ಬಾಯಿಗಿಟ್ಟರೆ ಹಾಲಿನಲ್ಲಿ ನೆನೆಸಿದ ಹತ್ತಿ. ಇದನ್ನೆಲ್ಲ ನಾನು ಸಹಿಸುತ್ತಿದ್ದೆ. ಆದರೆ ತಲೆ ಎಲ್ಲಿ? ವೇಟರನ್ನು ಕರೆದೆ.

“ತಲಿ ಎಲ್ಲೈತ್ರಿ?”

“ಸರ್?”

“ಮೀನಿಂದು ತಲಿ. ಅಲ್ಲಿ ಮಲಗಿದ್ದಾಗ ಇತ್ತಲ್ರಿ, ನಾನ ನೋಡೀನಿ.”

ಅವನು ಹೋಗಿ ಮ್ಯಾನೇಜರನ್ನು ಕರೆತಂದ. ಮೀನು ಬದಲಾಯಿಸಿದ್ದಾರೆಂದು ನಾನು ತಗಾದೆ ತೆಗೆದಿದ್ದೇನೆಂದು ಮ್ಯಾನೇಜರು ತಿಳಿದರು. “ಅದೇ ಮೀನು ಸರ್, ಪ್ರಾಮಿಸ್” ಎಂದು ಎದೆಯ ಮೇಲೆ ಕೈಯಿಟ್ಟರು.

“ಮೀನು ಅದ ಇರಬಹುದ್ರಿ. ನನಗ ಅದರ ತಲಿ ಬೇಕು.”

“ತಲೆ ನಾವು ಸರ್ವ್ ಮಾಡಲ್ಲ ಸರ್.”

ನಮ್ಮ ಮರ್ಯಾದೆಯ ಪ್ರಶ್ನೆ, ದಯಮಾಡಿ ಕೊಡಿ ಎಂದು ಕನ್ನಡದಲ್ಲಿ ಶುರು ಮಾಡಿ, ಗಾಬರಿಯಲ್ಲಿ ನಮ್ಮೂರ ಕಡೆಯ ತೆಲುಗಿಗೆ ಇಳಿದು, ಮತ್ತೆ ಕನ್ನಡಕ್ಕೆ ಹತ್ತಿದೆ. ಎತ್ತರದ ಬಿಳಿ ಟೋಪಿಯ ಅಡುಗೆಯವರೂ ಹೊರಗೆ ಬಂದು ನನ್ನನ್ನು ನೋಡಿಕೊಂಡು ಹೋದರು. ಸುತ್ತಲಿನ ಟೇಬಲುಗಳಲ್ಲಿ ಚಮಚದ ಸದ್ದು ನಿಂತಿತು. ತಿಪ್ಪೇಸ್ವಾಮಿ ತಲೆ ತಗ್ಗಿಸಿ ಎಲೆಯ ತುಣುಕು ಜಗಿಯುತ್ತಿದ್ದ. ಕೊನೆಗೆ ಮುಚ್ಚಳವಿದ್ದ ಒಂದು ಬೆಳ್ಳಿಬಣ್ಣದ ತಟ್ಟೆ ಬಂತು. ತೆಗೆದರೆ ಆವಿಯಲ್ಲಿ ಬೇಯಿಸಿದ ತಲೆ, ಬಾಯಲ್ಲಿ ನಿಂಬೆಹಣ್ಣಿನ ಹೋಳು. ನಾನು ಎದ್ದು ನಿಂತು ಎರಡೂ ಕೈಯಿಂದ ಅದನ್ನು ಅವನ ಮುಂದಿಟ್ಟೆ. “ತಗೊಳ್ಳಪಾ ತಿಪ್ಪೇಸ್ವಾಮಿ, ಆವತ್ತಿಂದು ಮನಸ್ಸಿನಾಗ ಇಟ್ಕೋಬ್ಯಾಡ” ಎಂದೆ.

ಅವನು ತಲೆಯನ್ನು ನೋಡಿದ, ನನ್ನನ್ನು ನೋಡಿದ. “ಭಾವ, ಒಂದ್ ಮಾತು ಹೇಳ್ತೀನಿ, ಬೇಜಾರ್ ಮಾಡ್ಕಬ್ಯಾಡಿ. ನಂಗೆ ಮೀನಿನ್ ತಲೆ ಆಗಾಕಿಲ್ಲ” ಎಂದ.

“ಏನು?”

“ಕಣ್ ಬಿಟ್ಕಂಡು ನನ್ನೇ ನೋಡ್ತದೆ. ಅಕ್ಕ ಆಸೆಯಿಂದ ಹಾಕ್ತದಲ್ಲ ಅಂತ ಇಷ್ಟು ವರ್ಷ ಕಣ್ ಮುಚ್ಕಂಡು ನುಂಗ್ದೆ. ಅವತ್ತು ಆ ಬಳ್ಳಾರಿ ಸಾಹುಕಾರ್ರಿಗೆ ಹಾಕ್ಸಿದ್ರಲ್ಲ, ಸದ್ಯ ಬದುಕ್ದೆ ಅಂದ್ಕಂಡೆ.”

“ಮತ್ತ ಯಾಕ ಊಟ ಬಿಟ್ಟು ಎದ್ದು ಹೋದಿ?”

“ರೇಷ್ಮೆ ಹುಳ ಹಣ್ಣಾಗವೆ, ಗೂಡಿಗೆ ಬಂದವೆ ಅಂತ ಮನೆಯಿಂದ ಫೋನ್ ಬಂತು. ಹಣ್ಣಾದ ಹುಳ ಯಾರಪ್ಪನ ಮಾತೂ ಕೇಳಾಕಿಲ್ಲ ಭಾವ, ಅವತ್ತೇ ಚಂದ್ರಿಕೆಗೆ, ಅದೇ ಬಿದಿರಿನ್ ತಟ್ಟೆಗೆ, ಬಿಡಬೇಕು. ಇಲ್ದಿದ್ರೆ ಗೂಡು ಎಲ್ಲಿ ಕಟ್ತವೆ?”

ನಾನು ಕುರ್ಚಿಯಲ್ಲಿ ಕುಳಿತೆ. ಜೀನ್ಸ್ ಬಟ್ಟೆ ಯಾವತ್ತೂ ಹಣ್ಣಾಗುವುದಿಲ್ಲ, ಎಷ್ಟು ದಿನ ಬೇಕಾದರೂ ಕಾಯುತ್ತದೆ. ನನಗೆ ಇದು ಹೊಳೆಯುವುದಾದರೂ ಹೇಗೆ? “ಹಂಗಾದ್ರ ಮೂರು ವರ್ಷ ಯಾಕ ಬರಲಿಲ್ಲ?” ಎಂದು ಕೇಳಿದೆ.

“ಯಾರ್ ಕರುದ್ರು?” ಎಂದ. ಅವನ ದನಿ ಒಡೆದಿತ್ತು. “ಅಕ್ಕ ಫೋನ್ ಮಾಡ್ತದೆ. ಮಳೆ ಬಂತಾ ಅಂತದೆ, ಅಮ್ಮನ ಮಂಡಿ ಹೆಂಗೈತೆ ಅಂತದೆ. ಬಾ ಅನ್ನಾಕಿಲ್ಲ. ಊಟ ಬಿಟ್ಟು ಎದ್ದೆ ಅಂತ ನಿಮ್ಗೇ ಕ್ವಾಪ ಅಂದ್ಕಂಡೆ. ಮಗೀನ ಮದ್ವೆ ಗೊತ್ತಾಗಿದ್ದೂ ಊರೋರ ಬಾಯಿಂದ ಕೇಳ್ದೆ. ನನ್ ಬಿಟ್ಟು ಇನ್ಯಾರು ಅದ್ನ ಮಂಟಪಕ್ಕೆ ಕರ್ಕಂಬರ್ತಾರೆ ಭಾವ?”

“ಇನ್ಯಾರೂ ಇಲ್ಲಪಾ, ನೀನ ಬರಬೇಕು” ಎಂದೆ. ಆ ಹೋಟೆಲಿನ ಕೈ ಒರೆಸುವ ಬಟ್ಟೆ ದೊಡ್ಡದಾಗಿರುವುದು ಯಾಕೆಂದು ಮೊದಲ ಸಲ ತಿಳಿಯಿತು. ಇಬ್ಬರೂ ಕಣ್ಣು ಮುಖ ಒರೆಸಿಕೊಂಡೆವು. ಆಮೇಲೆ ಅವನು ಮುಂದಕ್ಕೆ ಬಾಗಿ, “ತಲೆ ಆಗಾಕಿಲ್ಲ ಅಂತ ಅಕ್ಕಂಗೆ ಮಾತ್ರ ಹೇಳ್ಬ್ಯಾಡಿ. ನೊಂದ್ಕಂತದೆ” ಎಂದು ಆಣೆ ಹಾಕಿಸಿಕೊಂಡ.

ಈಗ ತಲೆ ಟೇಬಲಿನ ನಡುವೆ ಅನಾಥವಾಗಿತ್ತು. ಓದುಗರ ಮುಂದೆ ಮುಚ್ಚಿಡುವುದೇನಿದೆ, ಮೀನಿನ ತಲೆಯೆಂದರೆ ನನಗೆ ಬಾಯಲ್ಲಿ ನೀರು. ಚಿಕ್ಕವನಾಗಿದ್ದಾಗ ಅದು ಅಪ್ಪನ ತಟ್ಟೆಗೆ ಹೋಗುತ್ತಿತ್ತು. ನಾನು ದೊಡ್ಡವನಾಗಿ ಮನೆಯ ಯಜಮಾನನಾಗುವ ಹೊತ್ತಿಗೆ ರತ್ನಮ್ಮ ತನ್ನ ಪದ್ಧತಿಯ ಸಮೇತ ಬಂದಳು. ತಿಪ್ಪೇಸ್ವಾಮಿ ಕಣ್ಣು ಮುಚ್ಚಿ ನುಂಗುವಾಗಲೆಲ್ಲ ನಾನು ಕಣ್ಣು ಬಿಟ್ಟುಕೊಂಡು ನೋಡುತ್ತಿದ್ದೆ. ಇವತ್ತು ಯಾರ ಅಡ್ಡಿಯೂ ಇಲ್ಲ. ತಟ್ಟೆಯನ್ನು ನನ್ನ ಕಡೆ ಎಳೆದುಕೊಂಡು ನಿಂಬೆಹೋಳು ತೆಗೆದು ಬಾಯಿ ಹಾಕಿದೆ. ಉಪ್ಪಿಲ್ಲ, ಹುಳಿಯಿಲ್ಲ, ಒಳಗೆ ಸರಿಯಾಗಿ ಬೆಂದೂ ಇಲ್ಲ. ಇಷ್ಟು ವರ್ಷದ ಆಸೆ ಬಿಸಿನೀರಿನ ರುಚಿಯಲ್ಲಿ ಮುಗಿಯಿತು. ಮ್ಯಾನೇಜರು ಬಂದು ಊಟ ಹೇಗಿತ್ತು ಎಂದು ಕೇಳಿದರು. “ಪರವಾಗಿಲ್ರಿ” ಎಂದೆ. ಬಸ್ ಸ್ಟ್ಯಾಂಡಿನಲ್ಲಿ ಕೂತು ಭಾವ ಬಾಮೈದ ಇಬ್ಬರೂ ಅಕ್ಕನ ಪಾಲಿನ ಕಡಲೆಕಾಯಿಯಲ್ಲಿ ಅರ್ಧ ಖಾಲಿ ಮಾಡಿದೆವು.

ಮದುವೆ ಚೆನ್ನಾಗಿ ಆಯಿತು. ತಿಪ್ಪೇಸ್ವಾಮಿ ಮಗಳ ಕೈ ಹಿಡಿದು ಮಂಟಪಕ್ಕೆ ಕರೆತಂದಾಗ ರತ್ನಮ್ಮ ಅತ್ತಳು, ನಕ್ಕಳು, ನನ್ನ ಕಡೆ ನೋಡಿ ತಲೆಯಾಡಿಸಿದಳು. ಇದೆಲ್ಲ ಬೆಂಗಳೂರಿನ ಹೋಟೆಲಿನಲ್ಲಿ ಕೊಟ್ಟ ತಲೆಯ ಮಹಿಮೆ ಎಂದೇ ಅವಳು ನಂಬಿದ್ದಾಳೆ. ಆಣೆಯ ಕಾರಣ ನಾನು ಬಾಯಿ ಬಿಡುವಂತಿಲ್ಲ. ಪದ್ಧತಿಯ ಮೇಲಿನ ಅವಳ ನಂಬಿಕೆ ಮೊದಲಿಗಿಂತ ಗಟ್ಟಿಯಾಗಿದೆ.

ಮೊನ್ನೆ ಹೊಸ ಅಳಿಯಂದಿರು ಊಟಕ್ಕೆ ಬಂದಿದ್ದರು. ತಿಪ್ಪೇಸ್ವಾಮಿಯೂ ಬಂದಿದ್ದ. ಮತ್ತೆ ಎಡವಟ್ಟಾಗಬಾರದೆಂದು ರತ್ನಮ್ಮ ಎರಡು ಮೀನು ತರಿಸಿದ್ದಳು. ಒಂದು ತಲೆ ಅಳಿಯಂದಿರ ತಟ್ಟೆಗೆ ಹೋಯಿತು, ಇನ್ನೊಂದು ತಮ್ಮನ ತಟ್ಟೆಗೆ. ಹುಳಿ, ಖಾರ, ಬೆಳ್ಳುಳ್ಳಿಯಲ್ಲಿ ಹದವಾಗಿ ಬೆಂದ ತಲೆಗಳು. ತಿಪ್ಪೇಸ್ವಾಮಿ ನನ್ನ ಕಡೆ ಒಂದು ಸಲ ನೋಡಿ ಕಣ್ಣು ಮುಚ್ಚಿಕೊಂಡ. ಪಕ್ಕದಲ್ಲಿ ಅಳಿಯಂದಿರ ಮುಖ ನೋಡಿದೆ. ಅವರೂ ಕಣ್ಣು ಮುಚ್ಚಿಕೊಂಡಿದ್ದರು. ರುಚಿಗೋ, ಭಯಕ್ಕೋ, ಕೇಳುವ ಧೈರ್ಯ ನನಗಾಗಲಿಲ್ಲ. ನನ್ನ ತಟ್ಟೆಯ ಬಾಲದ ತುಂಡನ್ನು ಸುಮ್ಮನೆ ಚೀಪುತ್ತಾ ಕೂತೆ. ರತ್ನಮ್ಮ ಸೌಟು ಹಿಡಿದು ನನ್ನ ಪಕ್ಕಕ್ಕೆ ಬಂದು ಬಾಗಿದಳು. ಮುಖದಲ್ಲಿ ಅಕ್ಕರೆ ತುಂಬಿಕೊಂಡಿತ್ತು.

“ಇನ್ನೊಂದ್ ಬಾಲ ಐತೆ, ನಿಮ್ಗೇ ಅಂತ ಎತ್ತಿಟ್ಟಿದ್ದೆ. ಮದ್ವೆ ಆದಾಗಿನಿಂದ ನೋಡ್ತಾ ಇವ್ನಿ, ನಿಮ್ಗೆ ಬಾಲ ಅಂದ್ರೆ ಪಂಚಪ್ರಾಣ. ಹಾಕ್ಲಾ?”

“ಹಾಕು” ಎಂದೆ.